ಪ್ರಾಸ್ಥೆಟಿಕ್ ಎದ್ದು ಬಂತೇ? ಗಮ್ ಹಚ್ಚುವ ಮೊದಲು ಮಗುಚಿ ನೋಡಿ

ಪ್ರಾಸ್ಥೆಟಿಕ್ ಪೀಸ್ ಎಂದರೆ ಗಾಯವನ್ನೋ ಬೇರೆ ಮೂಗನ್ನೋ ತೋರಿಸಲು ಪಾತ್ರಧಾರಿಯ ಚರ್ಮಕ್ಕೆ ಅಂಟಿಸುವ ಮೆತ್ತನೆ ತುಂಡು. ಅದು ಏಳತೊಡಗಿದ ಕೂಡಲೇ ಸಾಮಾನ್ಯವಾಗಿ ನಡೆಯುವುದು ಇಷ್ಟು: ಅಂಚು ಎತ್ತಿ ಇನ್ನೊಂದಿಷ್ಟು ಗಮ್ ಹಚ್ಚಿ, ಬೆರಳಲ್ಲಿ ಒತ್ತಿ ಹಿಡಿಯುತ್ತಾರೆ. ಒಂದು ಟೇಕ್ ನಿಲ್ಲುತ್ತದೆ, ಎರಡನೇ ಟೇಕಿಗೆ ಮತ್ತೆ ಬಾಯಿ ಬಿಡುತ್ತದೆ. ಕೊನೆಗೆ ತಪ್ಪೆಲ್ಲ ಗಮ್ಮಿನ ತಲೆಗೆ: ಮಾಲು ಡೂಪ್ಲಿಕೇಟು, ಇಲ್ಲವೇ ಹಳೇ ಸ್ಟಾಕು. ಹಾಗಿರುವುದು ಅಪರೂಪ. ಬಹುಪಾಲು ಗಮ್ ಚೆನ್ನಾಗಿಯೇ ಇರುತ್ತದೆ. ಅದು ಹಿಡಿದುಕೊಳ್ಳಬೇಕಾದ ಮೈ ಸರಿ ಇರುವುದಿಲ್ಲ, ಇಲ್ಲವೇ ಅದಕ್ಕೆ ಒಣಗಲು ಹೊತ್ತು ಸಿಕ್ಕಿರುವುದಿಲ್ಲ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಎರಡನೆಯದನ್ನೇ ಮೊದಲು ಸಂಶಯಿಸಬೇಕು.

ಹಾಗಾಗಿ ಬಾಟಲಿ ಮುಟ್ಟುವ ಮೊದಲು, ಎದ್ದ ಪೀಸನ್ನು ಮಗುಚಿ ಬೆಳಕಿಗೆ ಹಿಡಿಯಿರಿ. ಗಮ್ ಯಾವ ಕಡೆ ಉಳಿದಿದೆ ನೋಡಿ.

ಗಮ್ ಪೂರ್ತಿ ಪೀಸಿನ ಬೆನ್ನಲ್ಲೇ ಉಳಿದು ಚರ್ಮ ಖಾಲಿ ಇದ್ದರೆ ತೊಂದರೆ ಚರ್ಮದ್ದು. ಗಮ್ ಚರ್ಮದ ಮೇಲೆ ನಿಂತು ಪೀಸಿನ ಬೆನ್ನು ಖಾಲಿ ಇದ್ದರೆ ತೊಂದರೆ ಪೀಸಿನದು. ಎರಡೂ ಕಡೆ ಗಮ್ ಇದ್ದು, ಬಿಡಿಸುವಾಗ ನಡುವೆ ನೂಲು ಎಳೆದರೆ ಗಮ್ಮೇ ಒಳಗಿಂದ ಸೋತಿದೆ: ಒಣಗಿಲ್ಲ, ದಪ್ಪವಾಗಿದೆ ಅಥವಾ ಯಾವುದೋ ಎಣ್ಣೆ ಅದನ್ನು ಕರಗಿಸಿದೆ. ಗಮ್ ಗಟ್ಟಿಯಾಗಿಯೇ ಹಿಡಿದಿದ್ದು ಪೀಸೇ ಹರಿದಿದ್ದರೆ ಗಮ್ಮಿಗೆ ಬೈಯುವ ಹಾಗೇ ಇಲ್ಲ. ಅಲ್ಲಿ ತಪ್ಪಿರುವುದು ಅಂಟಿಸಿದ ಭಂಗಿ, ಇಲ್ಲವೇ ಪೀಸಿನ ತೆಳು ಅಂಚು.

ಇಲ್ಲಿ ಹೇಳುತ್ತಿರುವುದು ಚರ್ಮಕ್ಕೆಂದೇ ತಯಾರಾದ ಅಂಟುಗಳ ಬಗ್ಗೆ: ನೀರು ಬೆರೆತ ಅಕ್ರಿಲಿಕ್ (ಎಡಿಎಂ ಟ್ರಾನಿಕ್ಸ್ ತಯಾರಿಸುವ ಪ್ರಾಸ್-ಏಡ್ ಇದರಲ್ಲಿ ಹೆಸರಾದದ್ದು), ಟೆಲಿಸಿಸ್‌ನಂಥ ಸಿಲಿಕೋನ್ ಅಂಟು, ಎರಡು ಭಾಗ ಕಲಸಿ ಹಚ್ಚುವ ಸ್ಕಿನ್ ಟೈಟ್, ಮತ್ತು ನಾಟಕದವರ ಹಳೆಯ ಸ್ಪಿರಿಟ್ ಗಮ್. ಫೆವಿಕ್ವಿಕ್, ಫೆವಿಕಾಲ್, ರಬ್ಬರ್ ಸೊಲ್ಯೂಷನ್ ಈ ಪಟ್ಟಿಯಲ್ಲಿಲ್ಲ, ಬರುವುದೂ ಬೇಡ. ಫೆವಿಕ್ವಿಕ್ ಹತ್ತಿಗೆ ತಾಗಿದರೆ ಬಿಸಿಯೇರಿ ಸುಡುವಷ್ಟಾಗುತ್ತದೆ. ಅದನ್ನು ಹತ್ತಿಯಿಂದ ಮುಖದ ಮೇಲೆ ಒರೆಸಲು ಹೋದರೆ ಏನಾದೀತು, ನೀವೇ ಯೋಚಿಸಿ.

ಚರ್ಮ ಬಿಟ್ಟಿದ್ದರೆ

ಕಾಫಿ ತೋಟದಲ್ಲಿ ಒಂದು ಕಿರುಚಿತ್ರ. ಮಳೆಗಾಲ. ಹುಡುಗನ ಮೊಣಕಾಲ ಕೆಳಗೆ ಗಾಯದ ಸಿಲಿಕೋನ್ ಪೀಸ್. ತೋಟದೊಳಗೆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಪೀಸ್ ಕಾಲುಂಗುರದ ಹಾಗೆ ಪಾದಕ್ಕೆ ಇಳಿದಿತ್ತು. ಮಗುಚಿದರೆ ಬೆನ್ನ ಮೇಲೆ ಗಮ್ಮಿನ ಪದರ ಒಂದಿಷ್ಟೂ ಕೆಡದೆ ಹೊಳೆಯುತ್ತಿದೆ, ಕುಂಚದ ಗೆರೆ ಕೂಡ ಎಣಿಸಬಹುದು. ಕಾಲು ಮಾತ್ರ ನುಣ್ಣಗೆ.

"ಕಾಲಿಗೆ ಏನಾದರೂ ಹಚ್ಚಿದ್ದೀಯಾ ಮಾರಾಯ?"

"ಏನಿಲ್ಲ ಅಣ್ಣ. ಜಿಗಣೆ ಹತ್ತಬಾರದೂಂತ ಅಮ್ಮ ಸ್ವಲ್ಪ ಎಣ್ಣೆ ಹಚ್ಚಿ ಕಳಿಸಿದ್ದು, ಅಷ್ಟೆ."

ನಮ್ಮ ಕಡೆ ಚರ್ಮದ ತೊಂದರೆ ಎಂದರೆ ಹತ್ತರಲ್ಲಿ ಎಂಟು ಸಲ ಹೀಗೇ. ಕೇಳುವ ತನಕ ಯಾರೂ ಹೇಳುವುದಿಲ್ಲ, ಏಕೆಂದರೆ ಅದನ್ನು ಯಾರೂ 'ಹಚ್ಚಿಕೊಂಡದ್ದು' ಎಂದು ಲೆಕ್ಕ ಹಿಡಿಯುವುದಿಲ್ಲ. ಬೆಳಿಗ್ಗೆ ತಲೆಗೆ ಹಾಕಿದ ತೆಂಗಿನೆಣ್ಣೆ ಹಣೆಗೆ ಇಳಿದಿರುತ್ತದೆ. ಚಳಿಗೆ ಮುಖ ಒಡೆಯುತ್ತದೆಂದು ಕೋಲ್ಡ್ ಕ್ರೀಮ್, ಬಿಸಿಲಿಗೆ ಸನ್‌ಸ್ಕ್ರೀನ್, ಸಂಜೆಯಾದರೆ ಸೊಳ್ಳೆ ಕ್ರೀಮ್. ಇವೆಲ್ಲ ಗಮ್ಮಿನ ಕಣ್ಣಿಗೆ ಒಂದೇ. ಹಾಗಾಗಿ "ಏನಾದರೂ ಹಚ್ಚಿದ್ದೀರಾ" ಎಂದು ಕೇಳಬೇಡಿ. ಎಣ್ಣೆ? ಕ್ರೀಮ್? ಸೊಳ್ಳೆ ಕ್ರೀಮ್? ಎಂದು ಒಂದೊಂದಾಗಿ ಹೆಸರಿಸಿ ಕೇಳಿ.

ಪರಿಹಾರ ಸುಲಭ. ಮುಖವನ್ನು ಸೋಪು ನೀರಲ್ಲಿ ತೊಳೆದು, ಪೂರ್ತಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿಯಿಂದ ಪೀಸ್ ಕೂರುವ ಜಾಗವನ್ನಷ್ಟೇ ಒರೆಸಿ ಆರಲು ಬಿಡಿ. ಕಣ್ಣಿನ ಸುತ್ತ ಆಲ್ಕೊಹಾಲ್ ಬೇಡ, ಅಲ್ಲಿ ಎಣ್ಣೆಯಿಲ್ಲದ ಟೋನರ್ ಸಾಕು. ಆಲ್ಕೊಹಾಲ್ ಸಿಗಲಿಲ್ಲವೆಂದು ಸ್ಯಾನಿಟೈಜರ್ ಬಳಸುವವರಿದ್ದಾರೆ. ಕೈ ಒಣಗದಿರಲೆಂದು ಅದಕ್ಕೆ ಗ್ಲಿಸರಿನ್ ಸೇರಿಸಿರುತ್ತಾರೆ, ಅದು ಚರ್ಮದ ಮೇಲೆ ಪದರವಾಗಿ ಉಳಿಯುತ್ತದೆ. ಕೆಲವು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹರಳೆಣ್ಣೆಯೂ ಇರುತ್ತದೆ. ಚೀಟಿ ಓದಿ. ಅನುಮಾನವಿದ್ದರೆ ಒಂದು ಹನಿಯನ್ನು ಕನ್ನಡಿಯ ಮೇಲೆ ಆರಲು ಬಿಡಿ; ಕಲೆ ಉಳಿದರೆ ಚರ್ಮದ ಮೇಲೂ ಉಳಿಯುತ್ತದೆ.

ಎರಡನೇ ಕಾರಣ ಬೆವರು. ಸಾವಿರ ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ಸಂಜೆ ತನಕ ಅಲ್ಲಾಡದೆ ನಿಂತ ಹಣೆಯ ಪೀಸ್, 800 ಮೀಟರ್ ಆಸುಪಾಸಿನ ಕುಶಾಲನಗರದಲ್ಲಿ ಏಪ್ರಿಲ್ ಮಧ್ಯಾಹ್ನ ಒಂದು ಗಂಟೆಯೂ ನಿಲ್ಲದಿರಬಹುದು. ಗಮ್ ಅದೇ, ಕೈ ಅದೇ. ಬೆವರಿನ ದೋಷಕ್ಕೆ ಒಂದು ಗುರುತುಂಟು: ಪೀಸ್ ಅಂಚಿನಿಂದ ಏಳುವುದಿಲ್ಲ, ನಡುವೆ ಗುಳ್ಳೆ ಕಟ್ಟುತ್ತದೆ. ಬೆರಳಿಟ್ಟರೆ ಒಳಗೆ ನೀರು ಸರಿದಾಡುತ್ತದೆ. ಗಮ್ ಹಚ್ಚುವ ಮೊದಲು ಮೇಕಪ್‌ನವರು ಬಳಸುವ ಬೆವರುತಡೆ ದ್ರವವನ್ನು ತೆಳುವಾಗಿ ಹಚ್ಚಿ ಆರಿಸುವುದು ಒಳ್ಳೆಯದು. ಗುಳ್ಳೆ ಆಗಲೇ ಎದ್ದಿದ್ದರೆ ಕಿವಿಯ ಹಿಂದೆ ಅಥವಾ ದವಡೆಯ ಅಡಿಗೆ, ಕ್ಯಾಮೆರಾಗೆ ಕಾಣದ ಕಡೆ, ಪೀಸಿನ ಅಂಚನ್ನು ಚೂರು ಬಿಡಿಸಿ ನೀರನ್ನು ಟಿಶ್ಯೂಗೆ ಒತ್ತಿ ತೆಗೆಯಿರಿ. ಆ ಜಾಗ ಒಣಗಿದ ಮೇಲೆ ಮತ್ತೆ ಅಂಟಿಸಿ. ಒದ್ದೆಯ ಮೇಲೆ ಹಚ್ಚಿದ ಗಮ್ ಗಮ್ಮಲ್ಲ.

ಮೂರನೆಯದು ಕೂದಲು. ಬೆಳೆದ ಗಡ್ಡದ ಮೇಲೆ ಅಂಟಿಸಿದ ಪೀಸ್ ಚರ್ಮ ಮುಟ್ಟುವುದೇ ಇಲ್ಲ, ಕೂದಲ ತುದಿಗಳ ಮೇಲೆ ನಿಂತಿರುತ್ತದೆ. ಗಡ್ಡ ಹಿಂದಿನ ರಾತ್ರಿಯೇ ಬೋಳಿಸಲಿ. ಆಗಷ್ಟೇ ಬೋಳಿಸಿದ ಚರ್ಮಕ್ಕೆ ಆಲ್ಕೊಹಾಲ್ ತಾಗಿದರೆ ಪಾತ್ರಧಾರಿ ಕುರ್ಚಿ ಬಿಟ್ಟೇ ಏಳುತ್ತಾನೆ. ಮೀಸೆ ಬೋಳಿಸಲು ನಮ್ಮ ಊರಿನ ಗಂಡಸರನ್ನು ಒಪ್ಪಿಸುವುದು ಬೇರೆಯೇ ಕೆಲಸ. ಒಪ್ಪದಿದ್ದರೆ ಮೇಲ್ದುಟಿಗೆ ಪೀಸ್ ಇಡುವ ಆಸೆ ಬಿಟ್ಟು, ಮೀಸೆಯ ಹೊರಗೆ ಮುಗಿಯುವಂತೆ ಕತ್ತರಿಸಿಕೊಳ್ಳಿ. ಹುಬ್ಬಿನ ಮೇಲೆ ಬರುವ ಪೀಸಾದರೆ ಮೊದಲು ಗ್ಲೂ ಸ್ಟಿಕ್ ಅಥವಾ ಮೇಣದಿಂದ ಹುಬ್ಬನ್ನು ಚಪ್ಪಟೆ ಮಲಗಿಸಿ ಮುಚ್ಚಿ. ಇಲ್ಲವಾದರೆ ತೆಗೆಯುವಾಗ ಹುಬ್ಬೂ ಪೀಸಿನ ಜೊತೆ ಹೊರಡುತ್ತದೆ.

ಪೀಸ್ ಬಿಟ್ಟಿದ್ದರೆ

ಗಮ್ ಚರ್ಮದ ಮೇಲೆ ಭದ್ರ, ಪೀಸಿನ ಬೆನ್ನು ಖಾಲಿ. ಇದು ಅಚ್ಚಿನ ಮನೆಯಿಂದ ಬಂದ ರೋಗ. ಅಚ್ಚಿಗೆ ಅಂಟಿಕೊಳ್ಳದಿರಲೆಂದು ಸವರಿದ ವ್ಯಾಸಲಿನ್ ಅಥವಾ ರಿಲೀಸ್ ಸ್ಪ್ರೇ ಬೆನ್ನಲ್ಲಿ ಉಳಿದಿರುತ್ತದೆ. ಇಲ್ಲವೇ ಅಚ್ಚಿನಿಂದ ಬಿಡಿಸುವಾಗ ಅಂಚುಗಳು ಒಂದಕ್ಕೊಂದು ಕಚ್ಚದಿರಲೆಂದು ಉದುರಿಸಿದ ಪೌಡರ್. ಮುಂಭಾಗ ಸ್ವಚ್ಛ ಮಾಡುತ್ತಾರೆ, ಬೆನ್ನನ್ನು ಮರೆಯುತ್ತಾರೆ. ಫೋಮ್ ಲೇಟೆಕ್ಸ್ (ಸ್ಪಂಜಿನಂಥ ರಬ್ಬರ್) ಆದರೆ ಸೌಮ್ಯ ಸೋಪು ನೀರಲ್ಲಿ ಅದ್ದಿ ಹಿಂಡಿ ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ 'ಪೂರ್ತಿ' ಎಂದರೆ ಒಂದು ರಾತ್ರಿ ಸಾಲದು, ಮುಟ್ಟಿದರೆ ಒಣಗಿದಂತೆ ಕಂಡರೂ ಸ್ಪಂಜಿನ ಒಳಗೆ ನೀರಿರುತ್ತದೆ. ಸಿಲಿಕೋನ್ ಆದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಬೆನ್ನು ಒರೆಸಿ. ಆದರೆ ಕ್ಯಾಪ್ ಪ್ಲಾಸ್ಟಿಕ್ (ಸಿಲಿಕೋನಿಗೆ ಹೊದಿಸುವ ತೆಳು ಪ್ಲಾಸ್ಟಿಕ್ ಪೊರೆ) ಇರುವ ಪೀಸಿನಲ್ಲಿ ಜಾಗ್ರತೆ. ಕೆಲವು ಕ್ಯಾಪ್ ಪ್ಲಾಸ್ಟಿಕ್ ಆಲ್ಕೊಹಾಲಿಗೇ ಕರಗುತ್ತದೆ. ಹೇಗೂ ಕತ್ತರಿಸಿ ಬಿಸಾಡುವ ಹೊರ ಅಂಚಿನಲ್ಲಿ ಒಮ್ಮೆ ನೋಡಿಕೊಂಡು ಮುಂದುವರಿಯಿರಿ.

ಪೌಡರೂ ಇಲ್ಲ, ಎಣ್ಣೆಯೂ ಇಲ್ಲ, ಆದರೂ ಹಿಡಿಯುತ್ತಿಲ್ಲವೆಂದರೆ ಜೋಡಿ ತಪ್ಪಿದೆ. ಹೊದಿಕೆಯಿಲ್ಲದ ಬರಿಯ ಸಿಲಿಕೋನಿಗೆ ಬೇರೆ ವಸ್ತುಗಳು ಸುಲಭವಾಗಿ ಅಂಟುವುದಿಲ್ಲ, ಅದಕ್ಕೆ ಸಿಲಿಕೋನ್ ಅಂಟೇ ನಂಬಿಕೆಯದು. ಕ್ಯಾಪ್ ಪ್ಲಾಸ್ಟಿಕ್ ಹೊದಿಸಿದ ಪೀಸಿಗೆ ಪ್ರಾಸ್-ಏಡ್ ಚೆನ್ನಾಗಿ ಕೂರುತ್ತದೆ, ಏಕೆಂದರೆ ಅದು ಹಿಡಿಯುವುದು ಸಿಲಿಕೋನನ್ನಲ್ಲ, ಹೊದಿಕೆಯನ್ನು. ಫೋಮ್ ಲೇಟೆಕ್ಸ್ ಗಮ್ಮನ್ನು ಕುಡಿಯುತ್ತದೆ: ಮೊದಲ ಕೋಟನ್ನು ಸ್ಪಂಜಿಗೆ ಎಂದು ಬಿಟ್ಟುಕೊಟ್ಟು, ಅದು ಆರಿದ ಮೇಲೆ ಹಚ್ಚುವ ಎರಡನೆಯದನ್ನೇ ಲೆಕ್ಕಕ್ಕೆ ಹಿಡಿಯಿರಿ. ಮೆತ್ತನೆ ಜೆಲ್ ತುಂಬಿದ ಪೀಸು ಹಳತಾದರೆ ಒಳಗಿನ ಸಿಲಿಕೋನ್ ಎಣ್ಣೆ ಬೆನ್ನಿಗೆ ಜಿನುಗುವುದುಂಟು. ಟಿಶ್ಯೂ ಒತ್ತಿದಾಗ ಎಣ್ಣೆ ಕಲೆ ಮೂಡಿದರೆ ಆ ಪೀಸನ್ನು ಬಿಟ್ಟುಬಿಡಿ.

ನೂಲು ಎಳೆದರೆ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಕೊಡಗಿನ ಮಳೆಗಾಲದ ದೊಡ್ಡ ತೊಂದರೆ ಇದೇ.

ನೀರು ಬೆರೆತ ಅಕ್ರಿಲಿಕ್ ಗಮ್ ಹಚ್ಚಿದಾಗ ಬೆಳ್ಳಗಿರುತ್ತದೆ. ಒಳಗಿನ ನೀರು ಗಾಳಿಗೆ ಹೋದಂತೆ ಪಾರದರ್ಶಕವಾಗುತ್ತದೆ. ಬಿಳಿ ಕಂಡರೆ ನೀರಿದೆ, ನೀರಿದ್ದರೆ ಹಿಡಿತವಿಲ್ಲ. ಬೇರೆ ಪರೀಕ್ಷೆ ಬೇಕಿಲ್ಲ. ಬಾಟಲಿಯ ಚೀಟಿಯಲ್ಲಿ ಬರೆದ ನಿಮಿಷಗಳು ಜುಲೈ ತಿಂಗಳ ಭಾಗಮಂಡಲಕ್ಕೆ ಬರೆದವಲ್ಲ. ಗೋಡೆಯೇ ಬೆವರುವ ಹವೆಯಲ್ಲಿ ಗಮ್ಮಿನ ನೀರು ಹೋಗುವುದಾದರೂ ಎಲ್ಲಿಗೆ? ಗಡಿಯಾರ ನೋಡಿ ಒತ್ತಿದರೆ ಮೇಲ್ಪದರ ಮಾತ್ರ ಆರಿ, ಒಳಗೆ ಬಿಳಿ ಹಾಗೆಯೇ ಸಿಕ್ಕಿಬಿದ್ದಿರುತ್ತದೆ. ಮೇಲೆ ಪೀಸ್ ಕೂತಾದ ಮೇಲೆ ಅದು ಒಣಗಲು ದಾರಿಯೇ ಇಲ್ಲ. ಮಧ್ಯಾಹ್ನ ಬಿಡಿಸಿ ನೋಡಿ, ಬೆಳಿಗ್ಗೆ ಹಚ್ಚಿದ ಬಿಳಿ ಹಾಗೆಯೇ ಇರುತ್ತದೆ.

ಒಂದು ದಪ್ಪ ಕೋಟಿಗಿಂತ ಎರಡು ತೆಳು ಕೋಟು ಬೇಗ ಆರುತ್ತದೆ. ಚರ್ಮಕ್ಕೂ ಪೀಸಿಗೂ ಹಚ್ಚಿ, ಎರಡೂ ತಿಳಿಯಾದ ಮೇಲೆ ಬೆರಳ ಹಿಂಭಾಗದಿಂದ ಮುಟ್ಟಿ ನೋಡಿ: ಜಿಗುಟು ಇರಬೇಕು, ಬೆರಳಿಗೆ ಏನೂ ಬರಬಾರದು. ಆಗ ಒತ್ತಿ. ಹೇರ್ ಡ್ರೈಯರ್ ತಣ್ಣನೆ ಗಾಳಿಯಲ್ಲಿ ಓಡಲಿ. ಬಿಸಿಗಾಳಿ ಮುಖವನ್ನು ಬೆವರಿಸುತ್ತದೆ, ಒಂದು ಕೈಯಲ್ಲಿ ಆರಿಸಿ ಇನ್ನೊಂದರಲ್ಲಿ ಒದ್ದೆ ಮಾಡಿದ ಹಾಗೆ. ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೆಂದು ಹೇಳಲಾಗದು, ಹಾಗಾಗಿ ಬೀಸಣಿಗೆಯೋ ರಟ್ಟಿನ ತುಂಡೋ ಕಿಟ್ಟಿನಲ್ಲಿ ಇರಲಿ. ಬಾಗಿಲು ಕಿಟಕಿ ತೆರೆದರೆ ಬೇಗ ಒಣಗುತ್ತದೆ ಎಂಬುದು ಮಳೆ ಬಿದ್ದಾಗ ತಿರುಗುಮುರುಗು. ಮುಚ್ಚಿದ ಬೆಚ್ಚನೆ ಕೋಣೆಯೇ ಮೇಲು. ಆದರೆ ಒಲೆ, ಕೆಂಡ, ಹೀಟರ್ ಇರುವ ಕೋಣೆಯಲ್ಲಿ ಸ್ಪಿರಿಟ್ ಗಮ್, ಅಸಿಟೋನ್, ಆಲ್ಕೊಹಾಲ್ ಬಾಟಲಿ ತೆರೆಯಲೇಬೇಡಿ. ಅವುಗಳ ಆವಿಗೆ ಬೆಂಕಿ ಹತ್ತುತ್ತದೆ. ಮಳೆಗೆ ಎಲ್ಲರೂ ಬೆಂಕಿಯ ಸುತ್ತ ಸೇರುವ ಊರು ನಮ್ಮದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಸ್ಕಿನ್ ಟೈಟ್‌ನಂಥ ಎರಡು ಭಾಗದ ಸಿಲಿಕೋನ್ ಬೇರೆ ಜಾತಿ. ಅದು ಒಣಗುವುದಲ್ಲ, ರಾಸಾಯನಿಕವಾಗಿ ಗಟ್ಟಿಯಾಗುವುದು; ಹವೆಯ ತೇವ ಅದಕ್ಕೆ ಲೆಕ್ಕಕ್ಕಿಲ್ಲ, ಚಳಿ ಮಾತ್ರ ಲೆಕ್ಕ. ಡಿಸೆಂಬರ್ ಬೆಳಗಿನಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಎರಡೂ ಬಾಟಲಿಯನ್ನು ಕಲಸುವ ಮೊದಲು ಜೇಬಲ್ಲೋ ಉಗುರುಬೆಚ್ಚಗಿನ ನೀರಲ್ಲೋ ಇಟ್ಟುಕೊಳ್ಳಿ. ಬೆಚ್ಚಗಿದ್ದೂ, ಸಮ ಪ್ರಮಾಣದಲ್ಲಿ ಕಲಸಿದ್ದೂ ಜಿಗುಟಾಗಿಯೇ ಉಳಿದರೆ ನಿಮ್ಮ ಗ್ಲೌಸ್ ನೋಡಿಕೊಳ್ಳಿ. ಸ್ಕಿನ್ ಟೈಟ್ ಪ್ಲಾಟಿನಂ ಸಿಲಿಕೋನ್ ಎಂಬ ಬಗೆಯದು, ಅದನ್ನು ಲೇಟೆಕ್ಸ್ ಕೆಡಿಸುತ್ತದೆ. ಲೇಟೆಕ್ಸ್ ಗ್ಲೌಸಿನ ಬೆರಳು ತಾಗಿದ ಕಡೆ ಅದು ಗಟ್ಟಿಯಾಗುವುದೇ ಇಲ್ಲ. ನೈಟ್ರೈಲ್ ಗ್ಲೌಸ್ ಇಟ್ಟುಕೊಳ್ಳಿ.

ಸ್ಪಿರಿಟ್ ಗಮ್ ಮೀಸೆ, ಗಡ್ಡಕ್ಕೆ ಸರಿ. ದೊಡ್ಡ ಪೀಸಿಗೆ ನಾನು ಅದನ್ನು ಮೆಚ್ಚುವುದಿಲ್ಲ: ಬೆವರು ತಾಗಿದರೆ ಬೆಳ್ಳಗಾಗಿ ಬಿಟ್ಟುಕೊಳ್ಳುತ್ತದೆ, ಅಂಚಿನಲ್ಲಿ ಹೊಳಪು ಉಳಿಯುತ್ತದೆ. ಜೆಲಟಿನ್ ಪೀಸಿನ ಕಥೆ ಇನ್ನೂ ಚಿಕ್ಕದು. ಗ್ಲಿಸರಿನ್ ಬೆರೆತ ಜೆಲಟಿನ್ ಹವೆಯ ತೇವವನ್ನೇ ಎಳೆದುಕೊಂಡು ಮೆತ್ತಗಾಗುತ್ತದೆ, ಬಿಸಿಗೆ ಕರಗುತ್ತದೆ. ನೂಲು ಎಳೆಯುತ್ತಿರುವುದು ಗಮ್ಮೋ ಪೀಸೋ ಎಂದು ಮೊದಲು ಬೆರಳಲ್ಲಿ ಉಜ್ಜಿ ನೋಡಿ. ಮಳೆಗಾಲದ ಹೊರಾಂಗಣಕ್ಕೆ ಜೆಲಟಿನ್ ಬೇಡವೇ ಬೇಡ.

ಬಾಟಲಿಯಲ್ಲೇ ಗಂಟು ಗಂಟಾಗಿದ್ದರೆ, ಹುಳಿ ವಾಸನೆ ಬಂದರೆ, ಅದು ನಿಜಕ್ಕೂ ಗಮ್ಮಿನ ತಪ್ಪು. ಎಸೆಯಿರಿ. ಇಂಥದ್ದಕ್ಕೆ ಕಾರಣ ಬಹುಶಃ ಕುಂಚವನ್ನು ಮತ್ತೆ ಮತ್ತೆ ಬಾಟಲಿಗೇ ಅದ್ದಿದ್ದು, ಇಲ್ಲವೇ ಫ್ರೀಜರಿನಲ್ಲಿ ಇಟ್ಟದ್ದು. ಚಿಕ್ಕ ಬಟ್ಟಲಿಗೆ ಸುರಿದುಕೊಂಡು ಕೆಲಸ ಮಾಡಿ, ಉಳಿದದ್ದನ್ನು ವಾಪಸ್ ಸುರಿಯಬೇಡಿ.

ಬಾಯಿಯ ಸುತ್ತ ಮಾತ್ರ ಏಳುತ್ತಿದ್ದರೆ

ಮೊದಲ ಪ್ರಶ್ನೆ: ಊಟ ಆಯಿತೇ? ಪಂದಿ ಕರಿ, ಕಡಂಬಿಟ್ಟು ತಿಂದು ಬಂದವನ ಬಾಯಂಚಿನ ಪೀಸ್ ನಿಂತಿದ್ದರೆ ಅದೇ ಆಶ್ಚರ್ಯ. ಕೊಬ್ಬು ಅಕ್ರಿಲಿಕ್ ಗಮ್ಮನ್ನು ಮೆತ್ತಗಾಗಿಸುತ್ತದೆ. ಗಮ್ ಬಿಡಿಸುವ ರಿಮೂವರ್‌ಗಳೂ ಬಹುಪಾಲು ಎಣ್ಣೆಯಂಥವೇ, ಅಂದರೆ ಪಾತ್ರಧಾರಿ ಊಟದ ಜೊತೆ ಸ್ವಲ್ಪ ರಿಮೂವರ್ ಹಚ್ಚಿಕೊಂಡ ಹಾಗಾಯಿತು. ಬಾಯಿಗೆ ಪೀಸ್ ಇರುವವರಿಗೆ ಊಟ ಮೊದಲೇ ಆಗಲಿ. ನಡುವೆ ಹಸಿವಾದರೆ ಚಿಕ್ಕ ತುತ್ತು, ಕುಡಿಯಲು ಸ್ಟ್ರಾ.

ಎರಡನೇ ಪ್ರಶ್ನೆ: ಅಂಟಿಸುವಾಗ ಬಾಯಿ ಹೇಗಿತ್ತು? ಮುಚ್ಚಿದ ಬಾಯಿಗೆ ಬಿಗಿಯಾಗಿ ಅಂಟಿಸಿದ ಕೆನ್ನೆಯ ಪೀಸ್, ಬಾಯಿ ತೆರೆದ ಕೂಡಲೇ ಎಳೆಯಲ್ಪಡುತ್ತದೆ. ಬಾಯಿ ತುಸು ತೆರೆದಿರಲಿ. ಕುತ್ತಿಗೆಯ ಪೀಸಾದರೆ ತಲೆ ತುಸು ಮೇಲೆತ್ತಿರಲಿ. ಯಾವಾಗಲೂ ನಡುವಿನಿಂದ, ಅಂದರೆ ಮೂಗು ಅಥವಾ ಗಲ್ಲದ ಗಟ್ಟಿ ಜಾಗದಿಂದ ಶುರು ಮಾಡಿ ಹೊರಗೆ ಹೋಗಿ. ಅಂಚುಗಳನ್ನು ಕೊನೆಗೆ ಇಡಿ. ಅಕ್ರಿಲಿಕ್ ಗಮ್ ಒಣಗಿದ ಮೇಲೆ ಒಮ್ಮೆ ಮುಟ್ಟಿದರೆ ಮುಗಿಯಿತು, ಸರಿಸಿ ಕೂರಿಸಲು ಬಿಡುವುದಿಲ್ಲ. ಅಂಚು ಮಡಚಿಕೊಂಡಿದ್ದರೆ ಎಳೆಯಬೇಡಿ, ರಿಮೂವರಿನ ತೇವವಿರುವ ಕುಂಚದಿಂದ ಬಿಡಿಸಿ, ಆ ಜಾಗವನ್ನು ಆಲ್ಕೊಹಾಲಿನಿಂದ ಒರೆಸಿ, ಹೊಸದಾಗಿ ಹಚ್ಚಿ.

ಸೆಟ್ಟಿನಲ್ಲಿ ರಿಪೇರಿ ಮಾಡುವಾಗಲೂ ಕ್ರಮ ಇದೇ: ಒಣಗಿಸು, ಒರೆಸು, ತೆಳುವಾಗಿ ಹಚ್ಚು, ತಿಳಿಯಾಗಲು ಬಿಡು, ಒತ್ತು, ಕೂಡಲೇ ಪೌಡರ್. ಪೌಡರ್ ಮರೆತರೆ ಜಿಗುಟು ಅಂಚಿಗೆ ಧೂಳು, ಕಂಬಳಿಯ ನೂಲು ಎಲ್ಲ ಹತ್ತಿ ಅಂಚು ಕಪ್ಪು ಗೆರೆಯಾಗಿ ಕಾಣುತ್ತದೆ. ಕ್ಯಾಪ್ ಪ್ಲಾಸ್ಟಿಕ್ ಅಂಚನ್ನು ಅಸಿಟೋನಿನಲ್ಲಿ ಕರಗಿಸುವವರು ಕಣ್ಣಿನ ಬಳಿ ಆ ಕೆಲಸ ಮಾಡಬೇಡಿ.

ಉರಿ, ಕೆಂಪು, ತುರಿಕೆ

"ಅಣ್ಣಾ, ಗಲ್ಲ ಉರೀತಾ ಉಂಟು" ಎಂದರೆ ಶಾಟ್ ಮುಗಿಯುವ ತನಕ ತಡೆದುಕೋ ಎನ್ನುವುದು ತಪ್ಪು. ಹಚ್ಚಿದ ಕೂಡಲೇ ಚುರುಕು ಎನಿಸಿ ನಿಮಿಷದಲ್ಲಿ ಹೋದರೆ ಅದು ಆಲ್ಕೊಹಾಲ್ ಆರಿದ್ದು. ಹೋಗದೆ ಏರುತ್ತಿದ್ದರೆ ತೆಗೆದುಬಿಡಿ. ಸ್ಪಿರಿಟ್ ಗಮ್ಮಿನಲ್ಲಿರುವ ರಾಳ ಹಲವರಿಗೆ ಅಲರ್ಜಿ ತರುವಂಥದ್ದು, ಲೇಟೆಕ್ಸ್ ಕೂಡ. ಅಲರ್ಜಿಯ ತುರಿಕೆ ಅಂದೇ ಕಾಣಿಸಬೇಕೆಂದಿಲ್ಲ, ಎರಡು ಮೂರು ದಿನ ಬಿಟ್ಟು ಏಳುವುದುಂಟು. ಆದ್ದರಿಂದ ಬಳಸುವ ಪ್ರತಿಯೊಂದನ್ನೂ, ರಿಮೂವರ್ ಸಹಿತ, ಮೊಣಕೈ ಒಳಭಾಗದಲ್ಲಿ ನಾಣ್ಯದಷ್ಟು ಹಚ್ಚಿ ಕನಿಷ್ಠ 48 ಗಂಟೆ ಕಾದು ನೋಡಿ. ಹಿಂದಿನ ವರ್ಷ ಏನೂ ಆಗಿರಲಿಲ್ಲ ಎಂಬುದು ಈ ವರ್ಷಕ್ಕೆ ಪುರಾವೆಯಲ್ಲ. ಮಕ್ಕಳ ದಸರಾಕ್ಕೆ ಛದ್ಮವೇಷ ಹಾಕಿಸುವ ತಂದೆತಾಯಿ ಕೇಳುತ್ತಿರುತ್ತಾರೆ, "ಮಗುವಿಗೆ ರಾಕ್ಷಸನ ಮೂಗು ಅಂಟಿಸಬಹುದಾ?" ನನ್ನ ಉತ್ತರ ಬೇಡ ಎಂದೇ. ಬಣ್ಣ, ಮುಖವಾಡ, ದಾರ ಸಾಕು.

ತೆಗೆಯುವಾಗ ಚರ್ಮ ಕಿತ್ತು ಬಂದರೆ ಅದು ಗಮ್ಮಿನ ಅಲರ್ಜಿಯಲ್ಲ, ಆತುರದ ಫಲ. ರಾತ್ರಿ ಪ್ಯಾಕಪ್ ಆದ ಮೇಲೆ ಎಲ್ಲರಿಗೂ ಮನೆ ಸೇರುವ ಅವಸರ, ಒಣಗಿದ್ದನ್ನೇ ಎಳೆಯುತ್ತಾರೆ. ಐಸೊಪ್ರೊಪೈಲ್ ಮೈರಿಸ್ಟೇಟ್ (ಇದು ಎಣ್ಣೆಯಂಥ ದ್ರವ, ಆಲ್ಕೊಹಾಲ್ ಅಲ್ಲ) ಅಥವಾ ಆಯಾ ಗಮ್ಮಿನ ರಿಮೂವರನ್ನು ಚಪ್ಪಟೆ ಕುಂಚದಿಂದ ಅಂಚಿನ ಅಡಿಗೆ ತೂರಿಸಿ, ಗಮ್ ತಾನಾಗಿ ಬಿಟ್ಟಷ್ಟೇ ಎತ್ತಿ, ಮತ್ತೆ ಕುಂಚ. ದೊಡ್ಡ ಪೀಸಿಗೆ ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ರಿಮೂವರ್ ಮುಗಿದುಹೋದರೆ ತೆಂಗಿನೆಣ್ಣೆ ಅಕ್ರಿಲಿಕ್ ಗಮ್ಮನ್ನು ನಿಧಾನಕ್ಕೆ ಸಡಿಲಿಸುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಚರ್ಮಕ್ಕಲ್ಲ. ಕಣ್ಣಿನ ಬಳಿ ಕುಂಚ ಬಿಟ್ಟು, ಹಿಂಡಿದ ಹತ್ತಿಕಡ್ಡಿ ಬಳಸಿ. ಕೊನೆಗೆ ಸೌಮ್ಯ ಸೋಪಿನಿಂದ ರಿಮೂವರಿನ ಎಣ್ಣೆಯನ್ನೂ ತೊಳೆಯಿರಿ. ಮರುದಿನವೂ ಶೂಟಿಂಗ್ ಇದ್ದರೆ ಆ ಎಣ್ಣೆಯೇ ಬೆಳಗಿನ ದೋಷಕ್ಕೆ ಕಾರಣವಾಗುತ್ತದೆ.

ತುಟಿ, ಕಣ್ಣುರೆಪ್ಪೆ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ಉಸಿರಾಟ ಬಿಗಿಯಾದರೆ ಅಲ್ಲಿಗೆ ಕೈಪಿಡಿ ಮುಗಿಯಿತು. ಪೀಸ್ ತೆಗೆಯಲು ಕೂರದೆ ನೇರ ಆಸ್ಪತ್ರೆಗೆ ಹೊರಡಿ. ತೋಟದ ಒಳಗಿನ ಸೆಟ್ಟಿನಿಂದ ಡಾಂಬರು ರಸ್ತೆ ಸೇರುವುದಕ್ಕೇ ಹೊತ್ತಾಗುತ್ತದೆ, ಹಾಗಾಗಿ ಯಾವ ಗಾಡಿ, ಯಾರು ಓಡಿಸುವುದು ಎಂದು ಬೆಳಿಗ್ಗೆಯೇ ಹೇಳಿಟ್ಟಿರಿ. ಹೊರಡುವಾಗ ಗಮ್ ಮತ್ತು ರಿಮೂವರ್ ಬಾಟಲಿಗಳನ್ನು ಜೊತೆಗೇ ಒಯ್ಯಿರಿ. ಏನು ಹಚ್ಚಿದ್ದಿರಿ ಎಂದು ಡಾಕ್ಟರು ಕೇಳೇ ಕೇಳುತ್ತಾರೆ.